ಎಲೆಕ್ಟ್ರಿಕ್ ಮೋಟಾರಿನ ಪೇಟೆಂಟುಗಳ ಚರಿತ್ರೆಯೂ ರೈತರು ಅದರಿಂದ ತಿಳಿಯತಕ್ಕ ಅಂಶಗಳೂ

(ಬರೆದವರು: ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರು, ಎಲ್.ಎಜಿ.)

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ನಾಲೆಯ ನೀರು ಹತ್ತದ ಎತ್ತರದ ಜಮೀನುಗಳಿಗೆ ಬಾವಿ, ಕೊಳವೆಬಾವಿ ಮತ್ತು ಹೊಳೆಗಳಿಂದ ನೀರೆತ್ತುವ ಕೆಲಸವನ್ನು ಈಗ ಬಹುಮಟ್ಟಿಗೆ ಎಲೆಕ್ಟ್ರಿಕ್ ಮೋಟಾರುಗಳೇ ಮಾಡುತ್ತಿರುವುವು. ಏತ ಕಪಿಲೆಗಳಿಂದ ನೀರೆತ್ತುತ್ತಿದ್ದ ಕಾಲದಲ್ಲಿ ಅವುಗಳ ಹಗ್ಗ, ರಾಟೆ, ಬಾನಿ ಇವುಗಳ ಪೈಕಿ ರೈತನಿಗೆ ತಿಳಿಯದ ಭಾಗವು ಯಾವುದೂ ಇರಲಿಲ್ಲ. ಕೆಟ್ಟರೆ ಊರಿನ ಕಸಬುದಾರರೇ ಸರಿಮಾಡಿಕೊಡುತ್ತಿದ್ದರು. ಮೋಟಾರಾದರೋ ಮುಚ್ಚಿದ ಕಬ್ಬಿಣದ ಪೆಟ್ಟಿಗೆ. ಅದರೊಳಗೆ ಏನಿದೆಯೆಂಬುದೂ, ಅದನ್ನು ಮಾಡುವ ಹಕ್ಕು ಯಾರದೆಂಬುದೂ ಕೊಂಡವರಿಗೆ ತಿಳಿಯದು. ಈ ತಿಳಿಯದಿರುವಿಕೆಯಿಂದ ಹಣಕ್ಕೂ ಬೆಳೆಗೂ ನಷ್ಟವುಂಟಾಗುವ ಸಂದರ್ಭಗಳಿರುವುದರಿಂದ, ಮೋಟಾರಿನ ಪೇಟೆಂಟುಗಳ ಚರಿತ್ರೆಯನ್ನು ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ತಿಳಿಯಪಡಿಸುವುದು ಅವಶ್ಯಕವೆಂದು ತೋರಿ ಈ ಲೇಖನವನ್ನು ಬರೆಯಲಾಗಿದೆ.

ನನ್ನ ಅನುಭವಕ್ಕೆ ಬಂದ ಒಂದು ಸಂಗತಿ

ಕೆಲವು ವರ್ಷಗಳ ಹಿಂದೆ, ನಂಜನಗೂಡು ತಾಲ್ಲೂಕಿನಲ್ಲಿ ಕಪಿಲಾ ನದಿಗೆ ಸಮೀಪವಾದ ಒಂದು ಗ್ರಾಮದ ಗೃಹಸ್ಥರು ಎರಡು ಎಕರೆ ಬಾಳೆಯ ತೋಟಕ್ಕೆಂದು ಹೊಸ ಮೋಟಾರನ್ನು ಕೊಂಡರು. ಅದರ ಮೇಲೆ ದಪ್ಪಕ್ಷರದಲ್ಲಿ ‘ಪೇಟೆಂಟ್’ ಎಂದು ಬರೆದಿತ್ತು. ಈ ಒಂದು ಮಾತಿಗಾಗಿಯೇ ಅವರು ಬೇರೆ ಮೋಟಾರುಗಳಿಗಿಂತ ಹೆಚ್ಚಾಗಿ ಬೆಲೆ ಕೊಟ್ಟಿದ್ದರು. ಬೇಸಿಗೆಯಲ್ಲಿ, ಗೊನೆ ಹೊರಟಿದ್ದ ಸಮಯದಲ್ಲಿ, ಮೋಟಾರು ಸುಟ್ಟುಹೋಯಿತು. ಮಾರಿದ ವರ್ತಕನು, “ಇದು ಪೇಟೆಂಟ್ ಮೋಟಾರು, ಬೇರೆ ಯಾರಾದರೂ ಬಿಚ್ಚಿ ತಂತಿ ಸುತ್ತಿದರೆ ಕಾನೂನಿನ ಪ್ರಕಾರ ಅಪರಾಧವಾಗುವುದು, ನಮ್ಮ ಕಾರ್ಖಾನೆಯವರೇ ಬಂದು ನೋಡಬೇಕು” ಎಂದು ಹೇಳಿದನು.

ಗೃಹಸ್ಥರು ನನ್ನನ್ನು ಕೇಳಿದರು. ಪರೀಕ್ಷೆಗಾಗಿ ನಾನು ಮಣ್ಣು, ಗೊಬ್ಬರ, ಬೀಜ, ರೋಗಗಳ ವಿಷಯವನ್ನು ಓದಿದ್ದೆನೇ ಹೊರತು ಪೇಟೆಂಟಿನ ವಿಷಯವನ್ನು ಓದಿದವನಲ್ಲ. ಕಾನೂನಿನ ಮಾತಾದುದರಿಂದ ಕಾಯುವುದೇ ಲೇಸೆಂದು ಹೇಳಿಬಿಟ್ಟೆನು. ಅವರು 18 ದಿನ ಕಾದರು. ನೀರಿಲ್ಲದೆ ಗೊನೆಗಳು ಸೊರಗಿದುವು, ಕಾಯಿ ಬಲಿಯಲಿಲ್ಲ. ಕೊನೆಗೆ ನರಸೀಪುರದ ಒಬ್ಬ ವೈಂಡಿಂಗ್ ಕೆಲಸದವನನ್ನು ಕರೆಸಿ ಬಿಚ್ಚಿಸಿ ನೋಡಿದಾಗ, ಅದು ಎಲ್ಲ ಕಡೆಯಲ್ಲಿಯೂ ಇರುವಂಥ ಸಾಧಾರಣ ಮೂರು ಫೇಸಿನ ಮೋಟಾರಾಗಿತ್ತು. ಒಂದು ಫ್ಯೂಸು ಹೋಗಿ ಎರಡು ತಂತಿಗಳ ಕರೆಂಟಿನಲ್ಲಿಯೇ ನಡೆದುದರಿಂದ ಸುಟ್ಟಿತ್ತು. ಎರಡು ದಿನಗಳಲ್ಲಿ ಅದು ಸರಿಯಾಯಿತು. ಪೇಟೆಂಟಿನ ನಂಬರು ಮೋಟಾರಿನ ಯಾವ ಭಾಗದ ಮೇಲೂ ಇರಲಿಲ್ಲ. ಆ 18 ದಿನಗಳ ನಷ್ಟದಲ್ಲಿ ನನ್ನ ಅಜ್ಞಾನದ ಪಾಲೂ ಉಂಟೆಂಬುದನ್ನು ಒಪ್ಪಿಕೊಂಡು, ಅಂದಿನಿಂದ ಈ ವಿಷಯವನ್ನು ವಿಚಾರಿಸಿ ತಿಳಿದುಕೊಂಡುದನ್ನು ಮುಂದೆ ವಿವರಿಸುತ್ತೇನೆ.

ಪೇಟೆಂಟ್ ಎಂದರೇನು?

ನಮ್ಮ ಗ್ರಾಮಗಳಲ್ಲಿ ಊರೊಟ್ಟಿನ ಹುಣಸೆಮರದ ಫಸಲನ್ನು ಹರಾಜು ಹಾಕುವ ಪದ್ಧತಿಯು ಎಲ್ಲರಿಗೂ ತಿಳಿದದ್ದೇ. ಗುತ್ತಿಗೆ ಹಿಡಿದವನಿಗೆ ಗೊತ್ತಾದ ಅವಧಿಯವರೆಗೆ ಹಣ್ಣಿನ ಮೇಲೆ ಹಕ್ಕುಂಟು. ಬೇರೊಬ್ಬರು ಮರ ಬಡಿಯಕೂಡದು. ಅವಧಿ ತೀರಿದೊಡನೆ ಮರವು ಊರಿಗೇ ಸೇರುವುದು. ಪೇಟೆಂಟ್ ಎಂಬುದೂ ಇಂಥ ಒಂದು ಗುತ್ತಿಗೆಯೇ. ಹಿಂದೆ ಇಲ್ಲದ ಉಪಯುಕ್ತವಾದ ಯಂತ್ರವನ್ನಾಗಲಿ ಕ್ರಮವನ್ನಾಗಲಿ ಕಂಡುಹಿಡಿದವನಿಗೆ, ಗೊತ್ತಾದ ವರ್ಷಗಳವರೆಗೆ ಅದನ್ನು ಬೇರೆಯವರು ಮಾಡಿ ಮಾರದಂತೆ ತಡೆಯುವ ಹಕ್ಕನ್ನು ಸರ್ಕಾರವು ಕೊಡುವುದು. ಇದಕ್ಕೆ ಪ್ರತಿಯಾಗಿ ಅವನು ತನ್ನ ಯಂತ್ರದ ಗುಟ್ಟನ್ನು ನಕ್ಷೆಸಹಿತವಾಗಿ ಪೂರ್ತಿ ಬರೆದುಕೊಡಬೇಕು. ಆ ಬರೆಹವನ್ನು ಸರ್ಕಾರವು ಪ್ರಕಟಿಸುವುದು. ಅವಧಿ ತೀರಿದ ಮೇಲೆ ಅದನ್ನು ನೋಡಿ ಯಾರು ಬೇಕಾದರೂ ಯಂತ್ರವನ್ನು ಮಾಡಬಹುದು.

ಇದರಿಂದ ಎರಡು ಅಂಶಗಳನ್ನು ನೆನಪಿನಲ್ಲಿಡತಕ್ಕದ್ದು. ಮೊದಲನೆಯದು, ಪೇಟೆಂಟಿಗೆ ಕೊನೆಯ ದಿನವೊಂದುಂಟು. ಎರಡನೆಯದು, ಪೇಟೆಂಟು ಯಂತ್ರವು ಹೊಸದೆಂಬುದಕ್ಕೆ ಸಾಕ್ಷಿಯೇ ಹೊರತು ಒಳ್ಳೆಯದೆಂಬುದಕ್ಕೆ ಸಾಕ್ಷಿಯಲ್ಲ.

ಮೊದಲನೆಯ ಪೇಟೆಂಟು ಒಬ್ಬ ಕಮ್ಮಾರನದು

ಎಲೆಕ್ಟ್ರಿಕ್ ಮೋಟಾರಿಗೆ ಅಮೆರಿಕಾ ದೇಶದಲ್ಲಿ ಮೊದಲು ಪೇಟೆಂಟ್ ಪಡೆದವನು ಥಾಮಸ್ ಡೇವನ್‌ಪೋರ್ಟ್ ಎಂಬ ಹಳ್ಳಿಯ ಕಮ್ಮಾರನು. ವರ್ಮಾಂಟ್ ಪ್ರಾಂತದ ಬ್ರಾಂಡನ್ ಎಂಬ ಊರು ಅವನದು. 1833ರಲ್ಲಿ, ಕಬ್ಬಿಣದ ಅದಿರನ್ನು ಬೇರ್ಪಡಿಸುವ ಒಂದು ಕಾರ್ಖಾನೆಯಲ್ಲಿ ವಿದ್ಯುತ್ತಿನಿಂದ ಕೆಲಸ ಮಾಡುವ ಅಯಸ್ಕಾಂತವನ್ನು ಕಂಡು ಬೆರಗಾಗಿ, ತಮ್ಮವರ ಕುದುರೆಯನ್ನು ಮಾರಿ ಅಂಥದೊಂದನ್ನು ಕೊಂಡುತಂದನು. ತಂತಿಗೆ ಸುತ್ತಲು ಅವನ ಹೆಂಡತಿ ಎಮಿಲಿಯು ತನ್ನ ಮದುವೆಯ ರೇಷ್ಮೆಯ ಉಡುಪನ್ನೇ ಹರಿದುಕೊಟ್ಟಳೆಂದು ಹೇಳುವರು. ಅವನು ಸಲ್ಲಿಸಿದ್ದ ಮಾದರಿಯು 1836ರ ಡಿಸೆಂಬರಿನಲ್ಲಿ ಪೇಟೆಂಟ್ ಕಚೇರಿಗೆ ಬೆಂಕಿ ಬಿದ್ದಾಗ ಸುಟ್ಟುಹೋಯಿತು. ಆದರೂ ಬಿಡದೆ ಯತ್ನಿಸಿ, 1837ನೆಯ ಇಸವಿ ಫೆಬ್ರವರಿ 25ರಂದು 132ನೆಯ ನಂಬರಿನ ಪೇಟೆಂಟನ್ನು ಪಡೆದನು.

ಅವನ ಮೋಟಾರು ಬೈರಿಗೆಯನ್ನೂ ಚರಕಿಯಂತ್ರವನ್ನೂ ಅಚ್ಚಿನ ಯಂತ್ರವನ್ನೂ ನಡೆಸಿತು. ಆದರೆ ಅದಕ್ಕೆ ಬೇಕಾದ ಕರೆಂಟು ಬ್ಯಾಟರಿಯಿಂದ ಬರಬೇಕಾಗಿತ್ತು. ಬ್ಯಾಟರಿಯಲ್ಲಿ ಸವೆಯುವ ಸತುವಿನ ಬೆಲೆಯು ಉಗಿಯಂತ್ರಕ್ಕೆ ಸುಡುವ ಕಲ್ಲಿದ್ದಲಿನ ಬೆಲೆಗಿಂತ ಬಹಳ ಹೆಚ್ಚು. ಆದುದರಿಂದ ಮೋಟಾರನ್ನು ಕೊಳ್ಳುವವರು ದೊರೆಯಲಿಲ್ಲ. ಡೇವನ್‌ಪೋರ್ಟನು 1851ರಲ್ಲಿ ಬಡತನದಲ್ಲಿಯೇ ತೀರಿಕೊಂಡನು. ಬಾವಿಯಲ್ಲಿ ನೀರೇ ಇಲ್ಲದ ಮೇಲೆ ಕಪಿಲೆ ಎಷ್ಟು ಚೆನ್ನಾಗಿದ್ದರೇನು? ಪೇಟೆಂಟಿನ ಕಾಗದವೊಂದರಿಂದಲೇ ಯಂತ್ರವು ಪ್ರಯೋಜನಕ್ಕೆ ಬಾರದೆಂಬುದಕ್ಕೆ ಇದೇ ಮೊದಲ ದೃಷ್ಟಾಂತ.

ನಮ್ಮ ಪಂಪಿನ ಮೋಟಾರು ಹುಟ್ಟಿದ ಬಗೆ

ಈಗ ನಾವು ಉಪಯೋಗಿಸುವ ಮೋಟಾರು ಡೇವನ್‌ಪೋರ್ಟನ ಮಾದರಿಯದಲ್ಲ. ಕಾಂತಶಕ್ತಿಯನ್ನು ಸುತ್ತಿಸಿ ಅದರಿಂದ ಯಂತ್ರವನ್ನು ತಿರುಗಿಸಬಹುದೆಂಬುದನ್ನು ಇಟಲಿ ದೇಶದ ಗೆಲಿಲಿಯೋ ಫೆರಾರಿಸ್ ಎಂಬ ಪಂಡಿತರು 1885ರಲ್ಲಿ ಮಾಡಿನೋಡಿ, 1888ರ ಮಾರ್ಚಿಯಲ್ಲಿ ಟುರಿನ್ ನಗರದ ವಿದ್ವತ್ಸಭೆಗೆ ಬರೆದು ಒಪ್ಪಿಸಿದರು. ಅದೇ ತತ್ತ್ವವನ್ನು ಸ್ವತಂತ್ರವಾಗಿ ಕಂಡುಕೊಂಡಿದ್ದ ನಿಕೋಲಾ ಟೆಸ್ಲಾ ಎಂಬವರು 1884ರಲ್ಲಿ ಅಮೆರಿಕಾಕ್ಕೆ ಬಂದು, 1887ರ ಅಕ್ಟೋಬರಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ, 1888ನೆಯ ಮೇ 1ರಂದು ಪೇಟೆಂಟುಗಳನ್ನು ಪಡೆದರು. ಆ ಜುಲೈ ತಿಂಗಳಲ್ಲಿಯೇ ಪಿಟ್ಸ್‌ಬರ್ಗಿನ ವೆಸ್ಟಿಂಗ್‌ಹೌಸ್ ಕಂಪೆನಿಯು ಆ ಹಕ್ಕುಗಳನ್ನು ಪಡೆದುಕೊಂಡಿತು. ಜರ್ಮನಿಯಲ್ಲಿ ಎ.ಇ.ಜಿ. ಕಂಪೆನಿಯ ಇಂಜಿನಿಯರ್ ಡೊಲಿವೊ-ಡೊಬ್ರೊವೊಲ್‌ಸ್ಕಿ ಎಂಬವರು 1889ರಲ್ಲಿ ಮೂರು ಫೇಸಿನ ಮೋಟಾರನ್ನು ಮಾಡಿದರು. ಅದರ ತಿರುಗುವ ಭಾಗದಲ್ಲಿ ದಪ್ಪ ಸರಳುಗಳನ್ನು ಎರಡು ಬಳೆಗಳಿಗೆ ಸೇರಿಸಿದ್ದು ಅಳಿಲಿನ ಪಂಜರದಂತೆ ಕಾಣುವುದರಿಂದ ಅದಕ್ಕೆ ಆ ಹೆಸರೇ ಬಂದಿದೆ. ನಮ್ಮ ಮೂರು ಫೇಸಿನ ಪಂಪುಗಳ ಮೋಟಾರುಗಳೆಲ್ಲಾ ಈ ಜಾತಿಗೆ ಸೇರಿದುವು.

ಇದು ಕೆಲಸ ಮಾಡುವ ಬಗೆಯನ್ನು ಹೀಗೆ ತಿಳಿಯಬಹುದು. ಹೆಂಗಸರು ಎದುರುಬದುರು ಕುಳಿತು ರಾಗಿ ಬೀಸುವಾಗ, ಬೀಸುವ ಕಲ್ಲಿನ ಗೂಟವನ್ನು ಒಬ್ಬರಾದ ಮೇಲೊಬ್ಬರು ಸರದಿಯಂತೆ ಎಳೆಯುವರು. ಇಬ್ಬರ ಬದಲು ಸುತ್ತಲೂ ಮೂವರು ಕುಳಿತಿದ್ದಾರೆಂದು ಭಾವಿಸಿ. ಮೂರು ತಂತಿಗಳ ಕರೆಂಟು ಈ ಮೂವರಂತೆ ಒಂದರ ಹಿಂದೊಂದು ಬಂದು, ಹೊರಗಿನ ಸುರುಳಿಗಳಲ್ಲಿ ಕಾಂತಶಕ್ತಿಯನ್ನು ಸುತ್ತಿಸುವುದು. ನಡುವಣ ಪಂಜರಕ್ಕೆ ಹೊರಗಿನ ಯಾವ ತಂತಿಯೂ ಮುಟ್ಟದಿದ್ದರೂ, ಅದು ಆ ಶಕ್ತಿಯ ಹಿಂದೆಯೇ ಓಡುವುದು. ಮೂವರಲ್ಲಿ ಒಬ್ಬರು ಕೈಬಿಟ್ಟರೆ ಉಳಿದಿಬ್ಬರ ರಟ್ಟೆ ಸೋಲುವಂತೆ, ಒಂದು ಫೇಸು ಹೋದರೆ ಉಳಿದ ಸುರುಳಿಗಳ ಮೇಲೆ ಭಾರ ಬಿದ್ದು ಅವು ಕಾದು ಸುಡುವುವು. ನಿಂತಿರುವ ಮೋಟಾರಾದರೆ ಗುಂಯ್ ಎಂದು ಸದ್ದು ಮಾಡುವುದೇ ಹೊರತು ಹೊರಡುವುದಿಲ್ಲ. ಬಾಳೆಯ ತೋಟದ ಗೃಹಸ್ಥರ ಮೋಟಾರಿಗೆ ಆದುದು ಇದೇ.

ತಿರುಮಕೂಡಲಿನ ನೀರೂ ಆ ಪೇಟೆಂಟುಗಳೂ

ಈ ಚರಿತ್ರೆಯು ದೂರದೇಶದ ಕಥೆಯಾಗಿಯೇ ಉಳಿಯಲಿಲ್ಲ. ತಿರುಮಕೂಡಲಿನಲ್ಲಿ ಕೂಡಿದ ಕಾವೇರಿ ಕಪಿಲೆಗಳ ನೀರು ತಲಕಾಡನ್ನು ದಾಟಿ ಶಿವನಸಮುದ್ರದಲ್ಲಿ ಧುಮುಕುವುದು. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರ ಕಾಲದಲ್ಲಿ ಪ್ರಾರಂಭವಾದ ಯೋಜನೆಯಂತೆ, ಆ ನೀರಿನಿಂದ ಹುಟ್ಟಿದ ವಿದ್ಯುಚ್ಛಕ್ತಿಯು 1902ನೆಯ ಜೂನ್ 30ರಂದು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಮುಟ್ಟಿತು. ಅಲ್ಲಿನ ಜನರೇಟರುಗಳನ್ನು ಅಮೆರಿಕಾದ ಜನರಲ್ ಎಲೆಕ್ಟ್ರಿಕ್ ಕಂಪೆನಿಯೂ, ನೀರಿನ ಚಕ್ರಗಳನ್ನು ಸ್ವಿಟ್ಸರ್ಲೆಂಡಿನ ಎಷರ್ ವೀಸ್ ಕಂಪೆನಿಯೂ ಒದಗಿಸಿದ್ದುವು.

ಟೆಸ್ಲಾರವರ ಹಕ್ಕುಗಳು ವೆಸ್ಟಿಂಗ್‌ಹೌಸಿನ ಕೈಯಲ್ಲಿದ್ದುವು. ಜನರಲ್ ಎಲೆಕ್ಟ್ರಿಕ್ಕಿನ ಕೈಯಲ್ಲಿ ಬೇರೆ ಪೇಟೆಂಟುಗಳಿದ್ದುವು. ಒಬ್ಬರ ಮೇಲೊಬ್ಬರು ವ್ಯಾಜ್ಯ ಹೂಡುತ್ತ ಹಣ ಕಳೆದುಕೊಳ್ಳುವುದಕ್ಕಿಂತ ಮೇಲೆಂದು, ಈ ಎರಡು ಕಂಪೆನಿಗಳೂ 1896ರಲ್ಲಿ ಪೇಟೆಂಟುಗಳನ್ನು ಪರಸ್ಪರ ಉಪಯೋಗಿಸಿಕೊಳ್ಳುವ ಒಪ್ಪಂದವನ್ನು ಮಾಡಿಕೊಂಡುವು. ಬದುವಿನ ಜಗಳದಲ್ಲಿ ಎರಡು ತಲೆಮಾರು ಕೋರ್ಟು ಹತ್ತುವ ನಮ್ಮವರು ಇದನ್ನು ಗಮನಿಸಬಹುದು. ಒಪ್ಪಂದಕ್ಕೆ ಹೊರಗಿದ್ದವರ ಮೇಲೆ ವೆಸ್ಟಿಂಗ್‌ಹೌಸಿನವರು ವ್ಯಾಜ್ಯಗಳನ್ನು ಹೂಡಿದರು. 1900ರಲ್ಲಿ ಅಮೆರಿಕಾದ ನ್ಯಾಯಾಲಯವು ಟೆಸ್ಲಾರವರ ಪೇಟೆಂಟುಗಳನ್ನು ಎತ್ತಿಹಿಡಿಯಿತು.

ಇಷ್ಟು ಹೋರಾಟಕ್ಕೆ ಕಾರಣವಾದ ಆ ಹಕ್ಕೂ ಶಾಶ್ವತವಾಗಿ ಉಳಿಯಲಿಲ್ಲ. ಅಂದು ಅಮೆರಿಕಾದಲ್ಲಿ ಪೇಟೆಂಟಿನ ಅವಧಿಯು 17 ವರ್ಷ. 1888ರ ಪೇಟೆಂಟುಗಳಿಗೆ 1905ರಲ್ಲಿ ಕೊನೆ ಬಂದಿತು. ಶಿವನಸಮುದ್ರದ ಶಕ್ತಿಯಿಂದ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿದ್ದೂ ಅದೇ 1905ರಲ್ಲಿಯೇ. ಅಂದಿನಿಂದ ಸುತ್ತುವ ಕಾಂತಶಕ್ತಿಯ ಮೋಟಾರಿನ ಮೂಲತತ್ತ್ವವು ಊರೊಟ್ಟಿನ ಮರದಂತೆ ಎಲ್ಲರ ಸ್ವತ್ತಾಯಿತು.

ಕೈಯಂತ್ರಗಳ ವಿಷಯವೂ ಹೀಗೆಯೇ. ಕೈಯಲ್ಲಿ ಹಿಡಿಯುವ ಎಲೆಕ್ಟ್ರಿಕ್ ಡ್ರಿಲ್ಲನ್ನು ಜರ್ಮನಿಯ ಫೈನ್ ಕಂಪೆನಿಯು 1895ರಲ್ಲಿ ಮಾಡಿತು. ಪಿಸ್ತೂಲಿನಂಥ ಹಿಡಿಯನ್ನೂ ಬೆರಳಿನಿಂದ ಒತ್ತುವ ಸ್ವಿಚ್ಚನ್ನೂ ಅದಕ್ಕೆ ಸೇರಿಸಿ, ಅಮೆರಿಕಾದ ಬ್ಲ್ಯಾಕ್ ಅಂಡ್ ಡೆಕ್ಕರ್ ಕಂಪೆನಿಯವರು 1917ರಲ್ಲಿ ಪೇಟೆಂಟ್ ಪಡೆದರು. ಆ ಅವಧಿಯೂ ತೀರಿ ಬಹುಕಾಲವಾಯಿತು. ನಂಜನಗೂಡಿನ ಯಾವ ಬಡಗಿಯ ಕೈಯಲ್ಲಿರುವ ಡ್ರಿಲ್ಲನ್ನು ನೋಡಿದರೂ ಅಂಥದೇ ಹಿಡಿಯೂ ಸ್ವಿಚ್ಚೂ ಕಾಣುವುವು.

ಕನ್ನಡನಾಡಿನಲ್ಲಿ ಮೋಟಾರು ತಯಾರಿಕೆ

ಬೆಳಗಾವಿಯಲ್ಲಿ 1888ರಲ್ಲಿ ಬೈಸಿಕಲ್ ಅಂಗಡಿಯೊಂದನ್ನು ಪ್ರಾರಂಭಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು, ಮುಂದೆ ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ಮಾಡಿದರು. ಕಬ್ಬಿಣವು ನೆಲಕ್ಕೆ ವಿಷವೆಂದು ಹೆದರಿ ರೈತರು ಮೊದಮೊದಲು ಆ ನೇಗಿಲನ್ನು ಕೊಳ್ಳಲಿಲ್ಲ. ಬೆಳಗಾವಿಯ ಸ್ಥಳವನ್ನು ಬಿಡಬೇಕಾಗಿ ಬಂದುದರಿಂದ ಅವರು 1910ರಲ್ಲಿ ಔಂಧ್ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಅದೇ ಮನೆತನದವರು 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಎಂಬ ಲೇತ್ ಯಂತ್ರಗಳ ಕಾರ್ಖಾನೆಯನ್ನೂ, 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪೆನಿಯನ್ನೂ ಸ್ಥಾಪಿಸಿದರು. ಬೆಂಗಳೂರಿನಲ್ಲಿ ಆ ಕಂಪೆನಿ ಹುಟ್ಟಿದಾಗ ಟೆಸ್ಲಾರವರ ಪೇಟೆಂಟುಗಳು ತೀರಿ 41 ವರ್ಷಗಳಾಗಿದ್ದುವು. ಮೂಲತತ್ತ್ವಕ್ಕಾಗಿ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ.

ಆದರೂ ಬೇಕಾದದ್ದು ಒಂದುಂಟು. ಅದು ಕಸಬಿನ ನೈಪುಣ್ಯ. ತಂತಿಯ ಶುದ್ಧಿ, ಉಕ್ಕಿನ ತಗಡಿನ ಗುಣ, ಬೇರಿಂಗಿನ ನಯ, ಸುರುಳಿಗೆ ಹಾಕುವ ವಾರ್ನಿಷಿನ ಹದ, ಇವು ಪೇಟೆಂಟಿನ ಕಾಗದದಿಂದ ಬರತಕ್ಕವಲ್ಲ. ಬೆಂಗಳೂರಿನ ಎನ್.ಜಿ.ಇ.ಎಫ್. ಕಾರ್ಖಾನೆಯು ಡೊಬ್ರೊವೊಲ್‌ಸ್ಕಿಯವರಿದ್ದ ಎ.ಇ.ಜಿ. ಕಂಪೆನಿಯ ಸಹಯೋಗವನ್ನು ಪಡೆದು ಮೋಟಾರು ಮತ್ತು ಟ್ರಾನ್ಸ್‌ಫಾರ್ಮರುಗಳನ್ನು ಮಾಡಿದ್ದು ಮೂಲತತ್ತ್ವದ ಹಕ್ಕಿಗಾಗಿ ಅಲ್ಲ. ಅದು ತೀರಿ ಎಷ್ಟೋ ಕಾಲವಾಗಿತ್ತು. ಆ ಕಾರ್ಖಾನೆಯು ಈಗ ನಡೆಯುತ್ತಿಲ್ಲ. ಅಲ್ಲಿ ತಯಾರಾದ ಮೋಟಾರುಗಳ ಹೆಸರನ್ನು ಹಳಬರು ಈಗಲೂ ಹೇಳುವರು. ಮೋಟಾರಿಗೆ ಬೆಲೆ ಕೊಡುವಾಗ ಈ ನೈಪುಣ್ಯಕ್ಕೆ ಕೊಡಬೇಕೇ ಹೊರತು ‘ಪೇಟೆಂಟ್’ ಎಂಬ ಶಬ್ದಕ್ಕಲ್ಲ.

ನಮ್ಮ ದೇಶದ ಕಾನೂನು

ಭಾರತದಲ್ಲಿ ಹೊಸ ಯಂತ್ರಗಳಿಗೆ ಹಕ್ಕು ಕೊಡುವ ಕಾನೂನು ಮೊದಲು 1856ರಲ್ಲಿ ಬಂದಿತು. 1911ರ ಕಾನೂನು ಬಹುಕಾಲ ಜಾರಿಯಲ್ಲಿದ್ದು, ಅದರ ಸ್ಥಾನದಲ್ಲಿ 1970ರ ಪೇಟೆಂಟ್ ಕಾನೂನು 1972ರಿಂದ ಆಚರಣೆಗೆ ಬಂದಿತು. ಈಗಿನ ಅವಧಿಯು ಅರ್ಜಿಯ ತಾರೀಖಿನಿಂದ 20 ವರ್ಷ. ಗೊತ್ತಾದ ಕಾಲಕ್ಕೆ ನವೀಕರಣದ ಫೀಜನ್ನು ಕಟ್ಟದಿದ್ದರೆ ಹಕ್ಕು ಅದಕ್ಕೆ ಮುಂಚೆಯೇ ಬಿದ್ದುಹೋಗುವುದು. ವ್ಯವಸಾಯದ ಅಥವಾ ತೋಟಗಾರಿಕೆಯ ವಿಧಾನಕ್ಕೆ ಈ ಕಾನೂನಿನಂತೆ ಪೇಟೆಂಟ್ ಕೊಡುವುದಿಲ್ಲ. ಆದುದರಿಂದ ಸಾಲುಬಿತ್ತನೆಗಾಗಲಿ ನಾಟಿಯ ಕ್ರಮಕ್ಕಾಗಲಿ ಯಾರೂ ನಿಮ್ಮಿಂದ ಹಣ ಕೇಳುವಂತಿಲ್ಲ. ವ್ಯವಸಾಯದ ಉಪಕರಣಗಳಿಗೆ ಮಾತ್ರ ಪೇಟೆಂಟ್ ದೊರೆಯಬಹುದು. ಪೇಟೆಂಟ್ ಇಲ್ಲದ ವಸ್ತುವನ್ನು ಪೇಟೆಂಟ್ ಆದುದೆಂದು ಸುಳ್ಳು ಹೇಳಿ ಮಾರುವವರು ದಂಡಕ್ಕೆ ಗುರಿಯಾಗುವರು.

ಮೋಟಾರು ಕೊಳ್ಳುವವರು ಗಮನಿಸತಕ್ಕ ಅಂಶಗಳು

1. ವರ್ತಕನು ‘ಪೇಟೆಂಟ್’ ಎಂದೊಡನೆ ಅದರ ನಂಬರನ್ನು ಕೇಳಬೇಕು. ನಂಬರಿದ್ದರೆ ಯಾರಿಗೆ, ಯಾವ ಭಾಗಕ್ಕೆ, ಯಾವಾಗ ಹಕ್ಕು ಸಿಕ್ಕಿತೆಂಬುದನ್ನು ಪೇಟೆಂಟ್ ಕಚೇರಿಯ ಅಂತರಜಾಲದ ದಾಖಲೆಯಲ್ಲಿ ಯಾರು ಬೇಕಾದರೂ ಶುಲ್ಕವಿಲ್ಲದೆ ನೋಡಬಹುದು. ಪೇಟೆಂಟು ಇಡೀ ಮೋಟಾರಿಗಲ್ಲದೆ ಒಂದು ಮುಚ್ಚಳಕ್ಕೋ ಸೀಲಿಗೋ ಮಾತ್ರ ಇರಬಹುದು.

2. ಅರ್ಜಿ ಹಾಕಿರುವುದು ಬೇರೆ, ಪೇಟೆಂಟ್ ಸಿಕ್ಕಿರುವುದು ಬೇರೆ. ಅರ್ಜಿಯು ತಿರಸ್ಕೃತವಾಗಲೂಬಹುದು.

3. ಗುಣಕ್ಕೆ ಸಾಕ್ಷಿಯಾಗಿ ಐ.ಎಸ್.ಐ. ಗುರುತನ್ನು ನೋಡಬೇಕು. ಕೊಳವೆಬಾವಿಯೊಳಗೆ ಇಳಿಸುವ ಪಂಪುಸೆಟ್ಟಿಗೆ ಅನ್ವಯಿಸುವುದು ಐ.ಎಸ್. 8034. ಕರೆಂಟಿನ ಮಿತವ್ಯಯಕ್ಕೆ ನಕ್ಷತ್ರಗಳ ಚೀಟಿಯನ್ನು ನೋಡಬೇಕು. ನಕ್ಷತ್ರಗಳು ಹೆಚ್ಚಿದಷ್ಟೂ ಅದೇ ನೀರಿಗೆ ಕರೆಂಟು ಕಡಮೆ.

4. ಮೋಟಾರಿನ ತಗಡಿನ ಮೇಲಿನ ಅಂಕಿಗಳನ್ನು ಓದಿಸಿಕೊಳ್ಳಬೇಕು. 1 ಅಶ್ವಶಕ್ತಿಗೆ 746 ವ್ಯಾಟ್. 5 ಅಶ್ವಶಕ್ತಿಯೆಂದರೆ ಸುಮಾರು 3.7 ಕಿಲೋವ್ಯಾಟ್. ನಮ್ಮ 50 ಸೈಕಲ್ಲಿನ ಕರೆಂಟಿನಲ್ಲಿ ಸಾಧಾರಣವಾಗಿ ನಿಮಿಷಕ್ಕೆ 1440 ಅಥವಾ 2880 ಸುತ್ತುಗಳು ಬರುವುವು.

5. ಒಂದು ಫೇಸು ಹೋದರೆ ಮೋಟಾರನ್ನು ತಾನಾಗಿಯೇ ನಿಲ್ಲಿಸುವ ಸಾಧನವನ್ನೂ, ಹೆಚ್ಚು ಭಾರಕ್ಕೆ ಬಿಟ್ಟುಕೊಳ್ಳುವ ರಿಲೇ ಇರುವ ಸ್ಟಾರ್ಟರನ್ನೂ, ಸರಿಯಾದ ಅರ್ತಿಂಗನ್ನೂ ತಪ್ಪದೆ ಹಾಕಿಸಬೇಕು. ಫ್ಯೂಸಿಗೆ ದಪ್ಪ ತಂತಿ ಕಟ್ಟಿ ನಡೆಸುವುದು ಮೋಟಾರಿಗೂ ಪ್ರಾಣಕ್ಕೂ ಅಪಾಯ.

6. ಮೋಟಾರು ತಿರುಗಿದರೂ ನೀರು ಕಡಮೆಯಾಗಿ ಬಂದರೆ ಅದು ಹಿಮ್ಮುಖವಾಗಿ ಸುತ್ತುತ್ತಿರಬಹುದು. ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಸರಿಹೋಗುವುದು. ಈ ಕೆಲಸವನ್ನು ಕರೆಂಟನ್ನು ಪೂರ್ತಿ ತೆಗೆದು, ತಿಳಿದವರಿಂದಲೇ ಮಾಡಿಸತಕ್ಕದ್ದು.

7. ಹಣ ಕೊಟ್ಟು ಕೊಂಡ ಮೋಟಾರಿನ ಸುಟ್ಟ ತಂತಿಯನ್ನು ನಂಬಿಕೆಯ ಕೆಲಸದವನಿಂದ ಬದಲಾಯಿಸಿಕೊಳ್ಳಲು ಪೇಟೆಂಟು ಅಡ್ಡಿಯಲ್ಲ. ಗ್ಯಾರಂಟಿಯ ವಿಷಯ ಬೇರೆ. ಗ್ಯಾರಂಟಿಯ ಅವಧಿಯಲ್ಲಿ ಬೇರೆಯವರಿಂದ ಬಿಚ್ಚಿಸಿದರೆ ಅದು ತಪ್ಪಿಹೋಗಬಹುದಾದುದರಿಂದ ಷರತ್ತುಗಳನ್ನು ಮೊದಲೇ ಓದಿಕೊಳ್ಳಬೇಕು; ಎಷ್ಟು ದಿನಗಳಲ್ಲಿ ಸರಿಮಾಡಿಕೊಡುವರೆಂಬುದನ್ನು ರಸೀತಿಯ ಮೇಲೆ ಬರೆಸಿಕೊಳ್ಳಬೇಕು.

ಊರಿನ ಕಸಬುದಾರರ ವಿಷಯ

ಕೊನೆಯದಾಗಿ ಗ್ರಾಮದ ಮುಖಂಡರಲ್ಲಿ ಒಂದು ಮಾತು. ನಮ್ಮ ಗ್ರಾಮಗಳಲ್ಲಿಯೂ ಕೂರಿಗೆಗೊಂದು ಹೊಸ ಬಟ್ಟಲು, ಎಡೆಕುಂಟೆಗೊಂದು ಹೊಸ ಕುಳ, ಪಂಪಿಗೊಂದು ಹೊಸ ಸಾಧನ ಇವುಗಳನ್ನು ಕಲ್ಪಿಸುವ ಕುಶಲಿಗಳುಂಟು. ಅವರು ಸಂತೋಷದಿಂದ ಅದನ್ನು ಮೊದಲು ಜಾತ್ರೆಯಲ್ಲಿಯೋ ಸಂತೆಯಲ್ಲಿಯೋ ಎಲ್ಲರಿಗೂ ತೋರಿಸಿಬಿಡುವರು. ಅರ್ಜಿಗೆ ಮುಂಚೆ ಬಹಿರಂಗವಾಗಿ ತೋರಿಸಿದರೆ ಅದು ಹೊಸದೆಂಬ ಹಕ್ಕು ಸಾಮಾನ್ಯವಾಗಿ ತಪ್ಪಿಹೋಗುವುದು. ಆದುದರಿಂದ ಸುತ್ತೂರು ಜಾತ್ರೆಯ ಕೃಷಿಮೇಳಕ್ಕೆ ಒಯ್ಯುವುದಕ್ಕೆ ಮೊದಲೇ, ನಮ್ಮ ರಾಜ್ಯದ ಅರ್ಜಿಗಳನ್ನು ನೋಡುವ ಚೆನ್ನೈ ಪೇಟೆಂಟ್ ಕಚೇರಿಗೆ ಅರ್ಜಿ ಹಾಕುವಂತೆ ಅವರಿಗೆ ತಿಳಿಸಿ, ಓದುಬರೆಹ ಬಲ್ಲವರಿಂದ ವಿವರಣೆಯನ್ನು ಬರೆಸಿಕೊಡುವುದು ಮುಖಂಡರ ಕರ್ತವ್ಯ. ಕಂಪೆನಿಗಳಿಗಿಂತ ಒಂಟಿ ವ್ಯಕ್ತಿಗಳಿಗೆ ಫೀಜು ಕಡಮೆ. ಡೇವನ್‌ಪೋರ್ಟನೂ ಹಳ್ಳಿಯ ಕಮ್ಮಾರನಾಗಿದ್ದನೆಂಬುದನ್ನು ಮರೆಯಲಾಗದು.

ಬಾಳೆಯ ತೋಟದ ಆ ಗೃಹಸ್ಥರು ಈಗ ಪಂಪುಮನೆಯ ಗೋಡೆಯ ಮೇಲೆ ಮೋಟಾರು ಕೊಂಡ ತಾರೀಖು, ಗ್ಯಾರಂಟಿ ತೀರುವ ತಾರೀಖು, ವೈಂಡಿಂಗ್ ಕೆಲಸದವನ ಟೆಲಿಫೋನ್ ನಂಬರು ಇವು ಮೂರನ್ನೂ ಸುಣ್ಣದಲ್ಲಿ ಬರೆಸಿಟ್ಟಿದ್ದಾರೆ. ಖರ್ಚಿಲ್ಲದ ಈ ಏರ್ಪಾಡನ್ನು ಎಲ್ಲರೂ ಮಾಡಿಕೊಳ್ಳಬಹುದು. ಈ ಲೇಖನವನ್ನು ಗ್ರಾಮದ ಸಭೆಯಲ್ಲಿ ಒಮ್ಮೆ ಓದಿ ಹೇಳಿದರೆ, ಬರುವ ಬೇಸಿಗೆಯಲ್ಲಿ ಒಂದು ತೋಟವಾದರೂ ಒಣಗದೆ ಉಳಿದೀತೆಂದು ನಂಬಿದ್ದೇನೆ.